ಬ್ಲ್ಯಾಕ್ ಆಲ್ಬಮ್, ಕಿಡ್ ಎ: ಸದ್ದು ಬದಲಿಸಿದ ಎರಡು ಆಲ್ಬಮ್‌ಗಳನ್ನು ಪಕ್ಕಪಕ್ಕ ಇಟ್ಟು ಕೇಳಿದಾಗ

ಅಮೆರಿಕದ ಮೆಟಲ್ ಬ್ಯಾಂಡ್ ಮೆಟಾಲಿಕಾ 1991ರ ಬ್ಲ್ಯಾಕ್ ಆಲ್ಬಮ್‌ನಲ್ಲಿ ವೇಗ ಇಳಿಸಿತು. ಇಂಗ್ಲೆಂಡಿನ ರಾಕ್ ಬ್ಯಾಂಡ್ ರೇಡಿಯೋಹೆಡ್ 2000ದ ಕಿಡ್ ಎ ಆಲ್ಬಮ್‌ನಲ್ಲಿ ಗಿಟಾರನ್ನೇ ಬದಿಗಿಟ್ಟಿತು. ಎರಡೂ ಬ್ಯಾಂಡ್‌ಗಳಿಗೆ ಹಳೆ ಅಭಿಮಾನಿಗಳಿಂದ ಸಾಕಷ್ಟು ಬೈಗುಳ ಬಿತ್ತು. ಆದರೂ ಎರಡೂ ಆಲ್ಬಮ್ ಅಮೆರಿಕದ ಮಾರಾಟದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಹೋದವು. ಯಾವ ಬದಲಾವಣೆ ದೊಡ್ಡದು ಅನ್ನುವ ವಾದ ಮೈಸೂರಿನ ನಮ್ಮ ಗೆಳೆಯರ ಗುಂಪಿನಲ್ಲಿ ಇನ್ನೂ ನಿಂತಿಲ್ಲ. ಗಿಟಾರ್ ಕಲಿಯುತ್ತಿರುವ ಅಕ್ಕನ ಮಗನೂ ಮೊನ್ನೆ ಕೇಳಿದ: “ಮಾಮ, ಯಾವುದರಿಂದ ಶುರು ಮಾಡ್ಲಿ?”

ಸುಮ್ನೆ ನೆನಪಿನಿಂದ ಉತ್ತರ ಕೊಡುವುದು ಬೇಡ ಅನ್ನಿಸಿತು. ಒಂದೇ ಹೆಡ್‌ಫೋನ್, ಕುವೆಂಪುನಗರದ ಮನೆಯ ಅದೇ ಸ್ಪೀಕರ್, ಅದೇ ಕಾರು ಇಟ್ಟುಕೊಂಡು ಎರಡನ್ನೂ ಮತ್ತೆ ಕೇಳಿದೆ. ಪ್ರತಿ ಆಲ್ಬಮ್‌ಗೂ ಮುಂಚೆ ಅದರ ಹಿಂದಿನದನ್ನು ಕೇಳಿದೆ. ಹಿಂದಿನದು ಕಿವಿಯಲ್ಲಿ ಇಲ್ಲದಿದ್ದರೆ ಬದಲಾವಣೆ ಎಷ್ಟು ಅಂತ ಗೊತ್ತಾಗುವುದಿಲ್ಲ.

ಮೆಟಾಲಿಕಾದ ಹಿಂದಿನ ಆಲ್ಬಮ್ 1988ರ ‘ಆಂಡ್ ಜಸ್ಟಿಸ್ ಫಾರ್ ಆಲ್’. ಒಂಬತ್ತೇ ಹಾಡು, ಒಂದು ಗಂಟೆಗೂ ಜಾಸ್ತಿ ಹೊತ್ತು. ಶೀರ್ಷಿಕೆ ಹಾಡೊಂದೇ ಒಂಬತ್ತು ನಿಮಿಷ ದಾಟುತ್ತದೆ. ಒಂದು ರಿಫ್ (ಮತ್ತೆ ಮತ್ತೆ ಬರುವ ಗಿಟಾರ್ ತುಣುಕು) ಮುಗಿಯುವಷ್ಟರಲ್ಲಿ ಇನ್ನೊಂದು, ಅದರ ಬೆನ್ನಿಗೆ ಮತ್ತೊಂದು. ಡ್ರಮ್ಸ್ ಒಣಗಿದ ಹಾಗೆ ಕೇಳುತ್ತದೆ. ಬೇಸ್ ಗಿಟಾರ್ ಇದೆಯೋ ಇಲ್ಲವೋ ಅನ್ನುವಷ್ಟು ಕೆಳಗೆ. ಬೇಸ್ ನುಡಿಸುತ್ತಿದ್ದ ಕ್ಲಿಫ್ ಬರ್ಟನ್ 1986ರಲ್ಲಿ ಸ್ವೀಡನ್‌ನಲ್ಲಿ ಬಸ್ ಅಪಘಾತದಲ್ಲಿ ತೀರಿಕೊಂಡಿದ್ದರು. ಅವರ ಜಾಗಕ್ಕೆ ಬಂದ ಜೇಸನ್ ನ್ಯೂಸ್ಟೆಡ್ ನುಡಿಸಿದ ಮೊದಲ ಪೂರ್ಣ ಸ್ಟುಡಿಯೋ ಆಲ್ಬಮ್ ಇದು. ಅದರಲ್ಲಿ ಅವರೇ ಕೇಳಿಸುವುದಿಲ್ಲ. ಹಾಡುಗಳು ಅದ್ಭುತವಾಗಿವೆ, ಅದಕ್ಕೇ ಈ ಕೊರತೆ ಈಗಲೂ ನೋವು ಕೊಡುತ್ತದೆ.

ಅದರ ಹಿಂದೆಯೇ ಬ್ಲ್ಯಾಕ್ ಆಲ್ಬಮ್ ಹಾಕಿ. ರೆಕಾರ್ಡ್ ಆದದ್ದು ಲಾಸ್ ಏಂಜಲೀಸ್‌ನ ಅದೇ ಒನ್ ಆನ್ ಒನ್ ಸ್ಟುಡಿಯೋದಲ್ಲಿ. ಬದಲಾದದ್ದು ನಿರ್ಮಾಪಕ. ಹೊಸದಾಗಿ ಬಂದ ಬಾಬ್ ರಾಕ್ ನಾಲ್ವರನ್ನೂ ಒಟ್ಟಿಗೆ ನಿಲ್ಲಿಸಿ ನುಡಿಸುವಂತೆ ಮಾಡಿದರು. ಅದಕ್ಕೂ ಮುಂಚೆ ಒಬ್ಬೊಬ್ಬರು ತಮ್ಮ ತಮ್ಮ ಭಾಗವನ್ನು ಬೇರೆಬೇರೆಯಾಗಿ ರೆಕಾರ್ಡ್ ಮಾಡುತ್ತಿದ್ದರು. ‘ಸ್ಯಾಡ್ ಬಟ್ ಟ್ರೂ’ಗೆ ಬಂದಾಗ ವ್ಯತ್ಯಾಸ ಎದೆಗೆ ತಾಗುತ್ತದೆ. ಗಿಟಾರುಗಳನ್ನು ಒಂದು ಸ್ವರ ಪೂರ್ತಿ ಇಳಿಸಿ ಶ್ರುತಿ ಮಾಡಿದ್ದಾರೆ. ರಿಫ್ ಒಂದೇ, ನಿಧಾನ, ನಡುವೆ ಖಾಲಿ ಜಾಗ. ಆ ಖಾಲಿ ಜಾಗದಲ್ಲಿ ಬೇಸ್ ಕೊನೆಗೂ ಉಸಿರಾಡುತ್ತದೆ. ‘ಮೈ ಫ್ರೆಂಡ್ ಆಫ್ ಮಿಸರಿ’ ಶುರುವಾಗುವುದೇ ನ್ಯೂಸ್ಟೆಡ್ ಅವರ ಬೇಸ್‌ನಿಂದ. ಮೂರು ವರ್ಷದ ಹಿಂದೆ ಕೇಳಿಸದೇ ಹೋಗಿದ್ದ ಮನುಷ್ಯನಿಗೆ ಇದು ಸಿಗಲೇಬೇಕಿತ್ತು.

ಕಾರಿನಲ್ಲಿ ಈ ಆಲ್ಬಮ್‌ಗೆ ಎದುರಿಲ್ಲ. ಮಂಡ್ಯ ದಾಟಿ ದಶಪಥದಲ್ಲಿ ಹೋಗುವಾಗ ಗಾಳಿ, ಲಾರಿ, ಟೈರಿನ ಸದ್ದು ಎಲ್ಲವನ್ನೂ ಮೀರಿ ಕೇಳುತ್ತದೆ. ಕೈಯಲ್ಲಿ ಗಿಟಾರ್ ಇದ್ದವರಿಗಂತೂ ಹಬ್ಬ. ‘ನಥಿಂಗ್ ಎಲ್ಸ್ ಮ್ಯಾಟರ್ಸ್’ ಶುರುವಿಗೆ ಎಡಗೈಯೇ ಬೇಡ. ತೆರೆದ ತಂತಿಗಳನ್ನು ಮೀಟಿದರೆ ಸಾಕು. ಅಕ್ಕನ ಮಗ ಅದನ್ನು ಒಂದೇ ಸಂಜೆಯಲ್ಲಿ ಹಿಡಿದ. ಅವನ ಮುಖ ನೋಡಬೇಕಿತ್ತು. 2011ರ ಅಕ್ಟೋಬರ್ 30ರಂದು ಬೆಂಗಳೂರಿನ ಅರಮನೆ ಮೈದಾನದ ಮೆಟಾಲಿಕಾ ಕಚೇರಿಯಲ್ಲಿ ಇದೇ ಹಾಡು ಬಂದಾಗ ಇಡೀ ಮೈದಾನ ಹಾಡಿತು. ನಮ್ಮ ಊರಿನಿಂದ ಹೋದವರಿಗೆ ಆ ರಾತ್ರಿ ಇನ್ನೂ ಮರೆತಿಲ್ಲ.

ಆದರೆ ಹನ್ನೆರಡು ಹಾಡು ಜಾಸ್ತಿಯಾಯಿತು. ‘ಡೋಂಟ್ ಟ್ರೆಡ್ ಆನ್ ಮಿ’ ಇಲ್ಲದಿದ್ದರೆ ಆಲ್ಬಮ್‌ಗೆ ಏನೂ ನಷ್ಟವಿರಲಿಲ್ಲ. ಹೆಡ್‌ಫೋನ್‌ನಲ್ಲಿ ಪದೇ ಪದೇ ಕೇಳಿದಾಗ ಹೊಸದೇನೂ ಸಿಗುವುದಿಲ್ಲ. ಮೊದಲ ಸಲವೇ ಎಲ್ಲವನ್ನೂ ಕೊಟ್ಟುಬಿಡುವ ಆಲ್ಬಮ್ ಅದು.

ಕಿಡ್ ಎ ಹಾಗಲ್ಲ. 1997ರ ‘ಓಕೆ ಕಂಪ್ಯೂಟರ್’ ಕೇಳಿ ಮುಗಿಸಿ ಇದನ್ನು ಹಾಕಿದರೆ ಬೇರೆ ಬ್ಯಾಂಡ್ ಬಂತೇನೋ ಅನ್ನಿಸುತ್ತದೆ. ಓಕೆ ಕಂಪ್ಯೂಟರ್‌ನ ಜೀವಾಳ ಮೂರು ಗಿಟಾರ್. ಕಿಡ್ ಎ ಶುರುವಾಗುವುದು ವಿದ್ಯುತ್ತಿನಿಂದ ನಾದ ಹುಟ್ಟಿಸುವ ಸಿಂಥಸೈಜರ್‌ನಿಂದ. ಗಾಯಕ ಟಾಮ್ ಯಾರ್ಕ್ ದನಿಯನ್ನು ಚೂರುಚೂರು ಮಾಡಿ ಅದರ ಸುತ್ತ ಹರಡಿದ್ದಾರೆ. ಎರಡನೇ ಹಾಡಿನಲ್ಲಿ ಅದು ಮನುಷ್ಯನ ದನಿಯಾಗಿಯೇ ಉಳಿದಿಲ್ಲ. ಜಗತ್ತು ಇಷ್ಟಪಟ್ಟದ್ದು ಆ ದನಿ ಮತ್ತು ಆ ಗಿಟಾರುಗಳನ್ನು. ಎರಡನ್ನೂ ಬಿಟ್ಟುಕೊಟ್ಟರು. ಆಲ್ಬಮ್‌ನಿಂದ ಒಂದು ಸಿಂಗಲ್ (ಬಿಡಿ ಹಾಡು) ಕೂಡ ಬಿಡುಗಡೆ ಮಾಡಲಿಲ್ಲ.

ಕಾರಿನಲ್ಲಿ ಇದು ಸೋತಿತು. ಡ್ರಮ್ಸ್ ಇಲ್ಲದ ‘ಟ್ರೀಫಿಂಗರ್ಸ್’ ಶ್ರೀರಂಗಪಟ್ಟಣದ ಹತ್ತಿರ ಪೂರ್ತಿ ಕಳೆದುಹೋಯಿತು. ಮನೆಯ ಸ್ಪೀಕರ್‌ನಲ್ಲಿ ಪರವಾಗಿಲ್ಲ. ಹೆಡ್‌ಫೋನ್ ಹಾಕಿಕೊಂಡು ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಸುತ್ತುವಾಗ ಆಲ್ಬಮ್ ತೆರೆದುಕೊಂಡಿತು. ‘ಹೌ ಟು ಡಿಸಪಿಯರ್ ಕಂಪ್ಲೀಟ್ಲಿ’ಯ ತಂತಿವಾದ್ಯಗಳನ್ನು ಇಂಗ್ಲೆಂಡಿನ ಡಾರ್ಚೆಸ್ಟರ್ ಅಬ್ಬೆ ಅನ್ನುವ ಹಳೇ ಚರ್ಚಿನಲ್ಲಿ ರೆಕಾರ್ಡ್ ಮಾಡಿದ್ದಾರೆ. ಆ ಚರ್ಚಿನ ಎತ್ತರ ಕಿವಿಗೆ ಕಾಣುತ್ತದೆ. ಅದರ ಮೇಲೆ ಬ್ಯಾಂಡಿನ ಗಿಟಾರ್ ವಾದಕ ಜಾನಿ ಗ್ರೀನ್‌ವುಡ್ ಓಂಡ್ ಮಾರ್ತೆನೋ ನುಡಿಸುತ್ತಾರೆ. 1928ರಲ್ಲಿ ಫ್ರಾನ್ಸಿನಲ್ಲಿ ಬಂದ ವಿದ್ಯುತ್ ವಾದ್ಯ ಅದು. ಬೆರಳಿಗೆ ಉಂಗುರ ಹಾಕಿ ತಂತಿಯ ಉದ್ದಕ್ಕೂ ಎಳೆದರೆ ಸ್ವರ ಕಡಿಯದೆ ಜಾರುತ್ತದೆ. ಗಮಕ ಕೇಳಿ ಬೆಳೆದ ಕಿವಿಗೆ ಇದು ಪರಕೀಯ ಅನ್ನಿಸುವುದೇ ಇಲ್ಲ.

ಇಲ್ಲಿ ಅಕ್ಕನ ಮಾತು ಹೇಳಲೇಬೇಕು. ಅವಳು ವೀಣೆ ಕಲಿತವಳು, ರಾಕ್ ಅಂದರೆ ಎದ್ದು ಹೋಗುವವಳು. ‘ಮಾರ್ನಿಂಗ್ ಬೆಲ್’ ಬರುವಾಗ ಅಡುಗೆಮನೆ ಬಾಗಿಲಲ್ಲಿ ನಿಂತು ಕೈಯಲ್ಲಿ ತಾಳ ಹಾಕಿದಳು. “ಐದರ ಲೆಕ್ಕ ಕಣೋ ಇದು. ತಕತಕಿಟ, ತಕತಕಿಟ. ಖಂಡ ಅಲ್ವಾ?” ಹೌದು, ಆ ಹಾಡು ಐದು ಎಣಿಕೆಯದು. ಡ್ರಮ್ಸ್ ಎಷ್ಟು ಸಲೀಸಾಗಿ ನಡೆಯುತ್ತದೆ ಅಂದರೆ ಹೆಚ್ಚಿನವರಿಗೆ ಅದು ಗೊತ್ತೇ ಆಗುವುದಿಲ್ಲ. ಅವತ್ತು ಅವಳು ಆಲ್ಬಮ್ ಮುಗಿಯುವವರೆಗೆ ಕೂತಳು. ಬ್ಲ್ಯಾಕ್ ಆಲ್ಬಮ್‌ಗೆ ಎರಡು ಹಾಡೂ ಕೂತಿರಲಿಲ್ಲ.

‘ಇಡಿಯೋಟೆಕ್’ ಇದಕ್ಕೂ ಮುಂದೆ ಹೋಗುತ್ತದೆ. ಅದರ ಸ್ವರಮೇಳ ಬಂದದ್ದು ಅಮೆರಿಕದ ಸಂಗೀತ ರಚನೆಕಾರ ಪಾಲ್ ಲ್ಯಾನ್ಸ್ಕಿ ಕಂಪ್ಯೂಟರಿನಲ್ಲಿ ಮಾಡಿದ 1973ರ ಕೃತಿಯಿಂದ. ಅದರ ಕೆಳಗೆ ಒರಟು ಡ್ರಮ್ ಮಷಿನ್. ಗಿಟಾರ್ ಇಲ್ಲ, ಬೆಚ್ಚಗಿನದು ಒಂದೂ ಇಲ್ಲ. ಆದರೂ ಇಡೀ ಆಲ್ಬಮ್‌ನಲ್ಲಿ ಮೈ ಕುಣಿಸುವ ಹಾಡು ಅದೇ. ಒಂದು ರಾಕ್ ಬ್ಯಾಂಡ್ ತನ್ನ ಆಯುಧಗಳನ್ನೆಲ್ಲ ಕೆಳಗಿಟ್ಟೂ ಇಷ್ಟು ಬಿರುಸಾಗಿ ನುಡಿಸಬಹುದು ಅಂತ ಇದನ್ನು ಕೇಳಿದ ಮೇಲೇ ನಾನು ನಂಬಿದ್ದು.

ನುಡಿಸಲು ಹೊರಟರೆ ಮಾತ್ರ ಕಿಡ್ ಎ ಕೈಗೆ ಸಿಗುವುದಿಲ್ಲ. ಗಿಟಾರಿನಲ್ಲಿ ‘ಎವ್ರಿಥಿಂಗ್ ಇನ್ ಇಟ್ಸ್ ರೈಟ್ ಪ್ಲೇಸ್’ ಹಿಡಿಯಲು ನೋಡಿದೆ. ಸ್ವರಗಳೇನೋ ಬಂದವು, ಹಾಡು ಬರಲಿಲ್ಲ. ಅದರ ಪ್ರಾಣ ಇರುವುದು ಆ ಸಿಂಥ್‌ನ ನಾದದಲ್ಲಿ. ಪ್ರಾಕ್ಟೀಸ್ ರೂಮಿನಲ್ಲಿ ನಾಲ್ಕು ಜನ ಸೇರಿ ಒಂದು ಹಾಡು ಕಟ್ಟಬೇಕು ಅಂದರೆ ಮೆಟಾಲಿಕಾವೇ ಸರಿ.

ಬದಲಾವಣೆಯ ಮಟ್ಟಿಗೆ ನನ್ನ ಮತ ಕಿಡ್ ಎಗೆ. ಮೆಟಾಲಿಕಾ ತನ್ನಲ್ಲಿ ಜಾಸ್ತಿಯಾಗಿದ್ದುದನ್ನು ತೆಗೆಯಿತು. ಉದ್ದ, ವೇಗ, ರಿಫ್‌ಗಳ ರಾಶಿ. ದುಡ್ಡಿಗೆ ಮಾರಿಕೊಂಡರು ಅನ್ನುವ ಹಳೇ ದೂರನ್ನು ನಾನು ಒಪ್ಪುವುದಿಲ್ಲ. ಅಮೆರಿಕದಲ್ಲೇ 1.6 ಕೋಟಿಗೂ ಹೆಚ್ಚು ಮಾರಾಟವಾಯಿತು ಅನ್ನುವುದು ಹಾಡಿನ ತಪ್ಪಲ್ಲ. ಆದರೆ ಅವರು ತಮಗೆ ಚೆನ್ನಾಗಿ ಬರುತ್ತಿದ್ದ ಕೆಲಸವನ್ನೇ ಇನ್ನೂ ಗಟ್ಟಿಯಾಗಿ ಮಾಡಿದರು. ರೇಡಿಯೋಹೆಡ್ ತನಗೆ ಚೆನ್ನಾಗಿ ಬರುತ್ತಿದ್ದುದನ್ನೇ ಬಿಟ್ಟಿತು. ಮೂವರು ಗಿಟಾರ್ ವಾದಕರು ಗಿಟಾರ್ ಬಿಟ್ಟು ಬೇರೆ ಕೆಲಸ ಹುಡುಕಿಕೊಳ್ಳಬೇಕಾಯಿತು. ಈ ಧೈರ್ಯ ತೀರಾ ಅಪರೂಪ.

ಅಕ್ಕನ ಮಗನಿಗೆ ಕೊಟ್ಟ ಉತ್ತರ ಮಾತ್ರ ಬೇರೆ. ಗಿಟಾರ್ ಕೈಯಲ್ಲಿರುವವನು ಬ್ಲ್ಯಾಕ್ ಆಲ್ಬಮ್‌ನಿಂದಲೇ ಶುರು ಮಾಡಲಿ, ಜಸ್ಟಿಸ್ ಜೊತೆಗಿಟ್ಟು ಕೇಳಲಿ. ಕಿಡ್ ಎಗೆ ಬಂದಾಗ ಮೊದಲ ಹಾಡಿನಿಂದ ಶುರು ಮಾಡುವುದು ಬೇಡ. ಆರನೆಯದಾದ ‘ಆಪ್ಟಿಮಿಸ್ಟಿಕ್’ ಹಾಕಲಿ. ಅದರಲ್ಲಿ ಗಿಟಾರ್ ಇದೆ, ದನಿ ದನಿಯಾಗಿಯೇ ಇದೆ. ಅದು ಹಿಡಿಸಿದ ಮೇಲೆ ‘ಇಡಿಯೋಟೆಕ್’, ಆಮೇಲೆ ಹೆಡ್‌ಫೋನ್‌ನಲ್ಲಿ ಮೊದಲಿನಿಂದ ಕೊನೆಯವರೆಗೆ.