ಮೂರು ವರ್ಷ ಬಳಸಿದ ಮೇಲೆ: ನನ್ನ ಪೆಡಲ್‌ಬೋರ್ಡಿನ ಐಸೊಲೇಟೆಡ್ ಪವರ್ ಸಪ್ಲೈ

ಪೆಡಲ್ ಅಂದರೆ ಕಾಲಲ್ಲಿ ಒತ್ತಿ ಗಿಟಾರ್ ಸೌಂಡ್ ಬದಲಿಸುವ ಪುಟ್ಟ ಪೆಟ್ಟಿಗೆ. ಅವಕ್ಕೆಲ್ಲಾ ಕರೆಂಟ್ ಕೊಡುವ ಈ ಪವರ್ ಸಪ್ಲೈ ಡಬ್ಬ ತಗೊಂಡು ಮೂರು ವರ್ಷ ದಾಟಿತು. ಬಳ್ಳಾರಿ ಸುತ್ತಮುತ್ತ ಮದುವೆ ಆರ್ಕೆಸ್ಟ್ರಾ, ಗಣೇಶನ ಪೆಂಡಾಲ್ ಅಂತ ಗಿಟಾರ್ ನುಡಿಸುತ್ತೇನೆ, ಹಾಗಾಗಿ ಇದು ಮನೆಯ ಮೂಲೆಯಲ್ಲಿ ಕೂತಿದ್ದಕ್ಕಿಂತ ಜಾಸ್ತಿ ಟೆಂಪೋದಲ್ಲೇ ಓಡಾಡಿದೆ. ಬೋರ್ಡ್ ಮೇಲೆ ಆರು ಪೆಡಲ್ ಇವೆ. ಟ್ಯೂನರ್, ಬಾಸ್ ಕಂಪನಿಯ ಎಸ್‌ಡಿ-1 ಓವರ್‌ಡ್ರೈವ್ ಮತ್ತು ಡಿಎಸ್-1 ಡಿಸ್ಟಾರ್ಷನ್ (ಎರಡೂ ಸೌಂಡ್ ಒರಟು ಮಾಡೋವು), ಕೋರಸ್, ನುಡಿಸಿದ್ದನ್ನು ಪ್ರತಿಧ್ವನಿ ಹಾಗೆ ಮತ್ತೆ ಕೇಳಿಸುವ ಡಿಜಿಟಲ್ ಡಿಲೇ, ರಿವರ್ಬ್.

ಮೊದಲು ನನ್ನ ಹತ್ತಿರ ಇದ್ದಿದ್ದು ಒಂದೇ ಅಡಾಪ್ಟರ್, ಅದರಿಂದ ಎಲ್ಲಾ ಪೆಡಲ್‌ಗೂ ಹೋಗುವ ಡೈಸಿ ಚೈನ್ ವೈರ್. ಡಿಲೇ ಬರೋವರೆಗೂ ಅದು ಚೆನ್ನಾಗಿಯೇ ಇತ್ತು. ಡಿಲೇ ಬಂದ ಮೇಲೆ ಡಿಸ್ಟಾರ್ಷನ್ ಒತ್ತಿದರೆ ಸಾಕು, ಕಿವಿ ಹತ್ತಿರ ಸೊಳ್ಳೆ ಬಂದ ಹಾಗೆ ಸಣ್ಣಗೆ ಕೀಂಯ್ ಅನ್ನೋದು. ಕುರುಗೋಡಿನ ಒಂದು ಮದುವೆಯಲ್ಲಿ ಸೌಂಡ್ ನೋಡುತ್ತಿದ್ದ ಅಣ್ಣ ಸ್ಟೇಜಿಗೇ ಬಂದು, "ತಮ್ಮಾ, ಆ ಸದ್ದು ನಿನ್ನ ಲೈನಿಂದಾನೇ ಬರ್ತೈತೆ ನೋಡು" ಅಂದರು. ಆವತ್ತು ಪೂರ್ತಿ ಡಿಲೇ ತೆಗೆದಿಟ್ಟೇ ನುಡಿಸಿದೆ. ತುಂಬಾ ಬೇಜಾರಾಗಿತ್ತು.

ಕಾರಣ ಆಮೇಲೆ ಗೊತ್ತಾಯಿತು. ಡಿಜಿಟಲ್ ಪೆಡಲ್ ಒಳಗೆ ಕ್ಲಾಕ್ ಸರ್ಕ್ಯೂಟ್ ಇರುತ್ತದೆ, ಅದರ ಸದ್ದು ಕರೆಂಟ್ ವೈರಿಗೆ ಇಳಿಯುತ್ತದೆ. ಡೈಸಿ ಚೈನ್‌ನಲ್ಲಿ ಎಲ್ಲಾ ಪೆಡಲ್‌ಗೂ ಒಂದೇ ವೈರ್ ಅಲ್ವಾ, ಹಾಗಾಗಿ ಅದು ಡಿಸ್ಟಾರ್ಷನ್‌ಗೂ ಬರುತ್ತದೆ, ಡಿಸ್ಟಾರ್ಷನ್ ಅದನ್ನೇ ಎತ್ತಿ ದೊಡ್ಡದು ಮಾಡಿ ಕೊಡುತ್ತದೆ. ಐಸೊಲೇಟೆಡ್ ಸಪ್ಲೈ ಒಳಗೆ ಪ್ರತಿ ಔಟ್‌ಪುಟ್ಟಿನ ನೆಗೆಟಿವ್ ಕೂಡ ಬೇರೆ ಬೇರೆ. ಒಂದರ ಗಲೀಜು ಇನ್ನೊಂದಕ್ಕೆ ಹೋಗಲ್ಲ.

ಇಲ್ಲಿ ಒಂದು ಮಾತು ಹೇಳಲೇಬೇಕು. ಮೊದಲು ತರಿಸಿದ ಅಗ್ಗದ ಡಬ್ಬದ ಮೇಲೂ ಐಸೊಲೇಟೆಡ್ ಅಂತಲೇ ದಪ್ಪಗೆ ಬರೆದಿತ್ತು. ಕೀಂಯ್ ಅನ್ನೋದು ಹೋಗಲೇ ಇಲ್ಲ. ಮಲ್ಟಿಮೀಟರ್ ಬೀಪ್‌ಗೆ ಇಟ್ಟು, ಡಬ್ಬದ ಪ್ಲಗ್ ಕಿತ್ತು, ಪೆಡಲ್ ವೈರ್ ಎಲ್ಲಾ ತೆಗೆದು, ಎರಡು ಔಟ್‌ಪುಟ್ ತೂತುಗಳ ಒಳಗೆ ನಡುವೆ ಇರುವ ಕಡ್ಡಿಗಳಿಗೆ (ಅವೇ ನೆಗೆಟಿವ್) ಒಂದೊಂದು ಪ್ರೋಬ್ ಮುಟ್ಟಿಸಿದೆ. ಬೀಪ್ ಅಂತು. ಅಂದರೆ ಒಳಗೆ ಎಲ್ಲಾ ನೆಗೆಟಿವ್ ಒಂದೇ, ಡೈಸಿ ಚೈನನ್ನೇ ಡಬ್ಬದೊಳಗೆ ಹಾಕಿ ಕೊಟ್ಟಿದ್ದಾರೆ! ವಾಪಸ್ ಕಳಿಸಿದೆ. ಈಗಿನದಕ್ಕೆ ಹನ್ನೊಂದು ಸಾವಿರದ ಹತ್ತಿರ ಆಯಿತು, ಇದರಲ್ಲಿ ಯಾವ ಎರಡು ಔಟ್‌ಪುಟ್ ಮುಟ್ಟಿಸಿದರೂ ಬೀಪ್ ಇಲ್ಲ. ನೀವೂ ಯಾವುದೇ ಸಪ್ಲೈ ತಗೊಂಡ ದಿನವೇ ಈ ಟೆಸ್ಟ್ ಮಾಡಿ, ರಿಟರ್ನ್ ದಿನ ಮುಗಿಯೋ ಮೊದಲು.

ಎಂಟು ಔಟ್‌ಪುಟ್ ಇವೆ, ಎಲ್ಲಾ 9 ವೋಲ್ಟ್. ಆರರಲ್ಲಿ 100 ಮಿಲಿಆಂಪ್‌ವರೆಗೆ ಕರೆಂಟ್ ಸಿಗುತ್ತದೆ, ಎರಡರಲ್ಲಿ 500. ಡಿಲೇ, ರಿವರ್ಬ್ ಆ ದೊಡ್ಡ ಎರಡಕ್ಕೆ. ನಮ್ಮ ಕೀಬೋರ್ಡ್ ಹುಡುಗ "500 ಕೊಟ್ಟರೆ ಪೆಡಲ್ ಸುಡಲ್ವಾ ಅಣ್ಣಾ?" ಅಂತ ಕೇಳಿದ್ದ. ಸುಡಲ್ಲ. ಪೆಡಲ್ ತನಗೆ ಬೇಕಾದಷ್ಟೇ ಎಳೆದುಕೊಳ್ಳುತ್ತದೆ, ಕಡಿಮೆ ಆದರೆ ಮಾತ್ರ ತೊಂದರೆ. ಒಂದು ಸಲ ಅವಸರದಲ್ಲಿ ರಿವರ್ಬನ್ನು 100ಕ್ಕೆ ಹಾಕಿದ್ದೆ, ಲೈಟ್ ಮಿಣುಕಿ ಮಿಣುಕಿ ಆರಿಹೋಯಿತು. ಸುಡೋದು ವೋಲ್ಟೇಜ್ ಜಾಸ್ತಿ ಆದರೆ, ಇಲ್ಲವೇ ಪ್ಲಸ್ ಮೈನಸ್ ಉಲ್ಟಾ ಆದರೆ. ಹೆಚ್ಚಿನ ಪೆಡಲ್‌ಗಳಲ್ಲಿ ನಡುವೆ ನೆಗೆಟಿವ್, ಆದರೂ ಪ್ರತಿ ಪೆಡಲ್ ಮೇಲಿನ ಚಿಹ್ನೆ ನೋಡಿಯೇ ಚುಚ್ಚಿ.

ಬಿಸಿಲಿನ ಕಥೆ ಬೇರೆಯೇ. ಸಪ್ಲೈಯನ್ನು ಬೋರ್ಡಿನ ಅಡಿಗೆ ವೆಲ್ಕ್ರೋದಿಂದ ಅಂಟಿಸಿದ್ದೆ. ಮೊದಲನೇ ಏಪ್ರಿಲ್‌ನಲ್ಲೇ, ಮಧ್ಯಾಹ್ನ ಟೆಂಪೋ ಬಿಸಿಲಲ್ಲಿ ನಿಂತಿದ್ದಾಗ, ವೆಲ್ಕ್ರೋ ಹಿಂದಿನ ಗೋಂದು ಬೆಲ್ಲದ ಪಾಕದ ಹಾಗೆ ಕರಗಿ ಡಬ್ಬ ಕಳಚಿ ಬ್ಯಾಗಿಗೆ ಬಿದ್ದಿತ್ತು, ಅದರ ಜೊತೆ ಎರಡು ವೈರೂ ಕಿತ್ತು ಬಂದಿದ್ದವು. ಈಗ ತಗಡಿನ ಪಟ್ಟಿ ಹಾಕಿ ಸ್ಕ್ರೂ ಮಾಡಿಸಿದ್ದೇನೆ, ವೈರಿಗೆ ಕೇಬಲ್ ಟೈ. ಡಬ್ಬ ಬಿಸಿಯಾಗುತ್ತದೆ, ಆದರೆ ಕೈ ಇಡಬಹುದು. ಸಂಡೂರು ಕಡೆ ಪ್ರೋಗ್ರಾಂ ಮುಗಿಸಿ ಬಂದರೆ ಕೆಂಪು ಧೂಳು ಜ್ಯಾಕ್ ಒಳಗೂ ಸೇರಿರುತ್ತದೆ. ಒಣ ಬ್ರಶ್ಶಿನಿಂದ ತೆಗೆಯುತ್ತೇನೆ.

ಎರಡನೇ ವರ್ಷ ಒಂದು 100ರ ಔಟ್‌ಪುಟ್ ಸತ್ತಿತು. ಆವತ್ತು ಜನರೇಟರ್ ಕರೆಂಟ್ ತುಂಬಾ ಏರಿಳಿತ ಇತ್ತು, ಅದಕ್ಕೇ ಹೋಯಿತು ಅನ್ನೋದು ನನ್ನ ಊಹೆ. ವಾರಂಟಿ ಮುಗಿದಿತ್ತು. ಮಿಕ್ಕ ಏಳು ಇವತ್ತಿಗೂ ಸರಿಯಾಗಿವೆ, ನನಗೆ ಆರೇ ಸಾಕು, ಆದರೆ ಅಷ್ಟು ಕೊಟ್ಟ ಮೇಲೆ ಹೋಗಬಾರದಿತ್ತು.

ಎಲ್ಲಾ ಸದ್ದೂ ಹೋಗುತ್ತದೆ ಅಂತ ಮಾತ್ರ ಅಂದುಕೊಳ್ಳಬೇಡಿ. ನನ್ನ ಗಿಟಾರಿನದು ಸಿಂಗಲ್ ಕಾಯಿಲ್ ಪಿಕಪ್, ಅಂದರೆ ತಂತಿಯ ಅದುರನ್ನು ಹಿಡಿಯೋ ಒಂದೇ ಸುರುಳಿಯದು. ಸೀರಿಯಲ್ ಸೆಟ್ ಲೈಟಿನ ಹತ್ತಿರ ನಿಂತರೆ ಈಗಲೂ ಗುಂಯ್ ಅನ್ನುತ್ತದೆ, ಅದು ಪಿಕಪ್ ಹಿಡಿಯೋ ಸದ್ದು, ಸಪ್ಲೈ ಏನೂ ಮಾಡಲ್ಲ. ಇನ್ನು ಗುಂಯ್ ಹೋಗಲಿ ಅಂತ ಆಂಪ್ಲಿಫೈಯರ್ ಪ್ಲಗ್‌ನ ಅರ್ಥ್ ಪಿನ್ ಮುರಿಯೋರು ನಮ್ಮಲ್ಲಿ ಇದ್ದಾರೆ. ದಯವಿಟ್ಟು ಅದನ್ನು ಮಾಡಬೇಡಿ. ಗಿಟಾರ್ ತಂತಿ ಹಿಡಿದು ಮೈಕಿಗೆ ತುಟಿ ತಾಗಿಸಿದಾಗ ಶಾಕ್ ಹೊಡೆದಿದ್ದನ್ನು ಕಣ್ಣಾರೆ ಕಂಡಿದ್ದೇನೆ, ಜೀವಕ್ಕೇ ಅಪಾಯ. ನಾನು ಪ್ರತಿ ಸ್ಟೇಜಿನಲ್ಲೂ ಹಾಡೋರು ಬರೋ ಮೊದಲು ಮಲ್ಟಿಮೀಟರ್ ಎಸಿ ವೋಲ್ಟ್‌ಗೆ ಇಟ್ಟು, ಒಂದು ಪ್ರೋಬ್ ಗಿಟಾರ್ ತಂತಿಗೆ, ಇನ್ನೊಂದು ಮೈಕಿನ ಜಾಲರಿಗೆ ಹಿಡಿದು ನೋಡುತ್ತೇನೆ. ಹತ್ತಿಪ್ಪತ್ತು ವೋಲ್ಟ್ ತೋರಿಸಿದರೂ ಎಲೆಕ್ಟ್ರಿಷಿಯನ್ ಬಂದು ಅರ್ಥಿಂಗ್ ನೋಡೋವರೆಗೂ ಗಿಟಾರ್ ಎತ್ತಲ್ಲ.