ಜಾಬ್ ಕಾರ್ಡ್‌ನಲ್ಲಿ ‘ಹೊರಗಿನ ನೀರು’ ಅಂತ ಷರಾ ಇದ್ದರೆ ಸಹಿ ಹಾಕಬೇಡಿ

ಎಲೆಕ್ಟ್ರಿಕ್ ಕಾರು ಇಟ್ಟುಕೊಂಡವರು ದಯವಿಟ್ಟು ಇದನ್ನು ಪೂರ್ತಿ ಓದಿ. ಬ್ಯಾಟರಿ ಕೆಟ್ಟಾಗ ಖರ್ಚು ಯಾರ ತಲೆಗೆ ಬರುತ್ತೆ ಅಂತ ತೀರ್ಮಾನ ಮಾಡೋದು ಕೆಟ್ಟ ಪಾರ್ಟ್ ಅಲ್ಲ, ಸರ್ವಿಸ್ ಸೆಂಟರ್‌ನ ಜಾಬ್ ಕಾರ್ಡ್, ಅಂದ್ರೆ ರಿಪೇರಿ ಚೀಟಿಯ ‘ಕಾರಣ’ ಅನ್ನೋ ಕಾಲಂನಲ್ಲಿ ಬರೆದಿರೋ ಎರಡು ಪದ. ನನ್ನ ಜಾಬ್ ಕಾರ್ಡ್‌ನಲ್ಲಿ ‘ಹೊರಗಿನ ನೀರು’ ಅಂತಿದೆ. ಅದರ ಕೆಳಗೆ ನನ್ನ ಸಹಿ ಇದೆ. ಬ್ಯಾಟರಿ ಪ್ಯಾಕ್ ಬಿಚ್ಚೋಕೆ ಒಪ್ಪಿಗೆ ಅಂದುಕೊಂಡು ಹಾಕಿದ್ದು. ಈ ವಿಷಯ ಚೆನ್ನಾಗಿ ಗೊತ್ತಿದ್ದೂ ಹಾಕಿದ್ದೀನಲ್ಲ, ಅದಕ್ಕೇ ಹೊಟ್ಟೆ ಉರಿಯೋದು.

ಡ್ಯಾಶ್‌ನಲ್ಲಿ ಬಂದಿದ್ದು ಇನ್ಸುಲೇಷನ್ ಫಾಲ್ಟ್. ಪ್ಯಾಕ್‌ನ ಪ್ಲಸ್ ಅಥವಾ ಮೈನಸ್ ಲೈನಿಂದ ಕಾರಿನ ಲೋಹದ ಮೈಗೆ ಕರೆಂಟ್ ಸೋರೋ ದಾರಿ ಆಗಿದೆ ಅಂತ ಅರ್ಥ. ಒಣಗಿರೋ ಒಳ್ಳೆ ಪ್ಯಾಕ್‌ನಲ್ಲಿ ಈ ರೆಸಿಸ್ಟೆನ್ಸ್ ಮೆಗಾಓಮ್ ಲೆಕ್ಕದಲ್ಲಿರುತ್ತೆ. ಡಿಸಿ ಕಡೆ ಸುರಕ್ಷತೆಯ ಕನಿಷ್ಠ ಮಿತಿ ಒಂದು ವೋಲ್ಟಿಗೆ 100 ಓಮ್, ಅಂದ್ರೆ 400 ವೋಲ್ಟಿಗೆ 40 ಕಿಲೋಓಮ್. ಕಾರು ಅದಕ್ಕೆ ಮುಂಚೆಯೇ ಕೂಗಿಕೊಳ್ಳುತ್ತೆ. ಫಾಲ್ಟ್ ಕೋಡ್ ಜೊತೆ ಸೇವ್ ಆಗಿದ್ದ ರೀಡಿಂಗ್ 180 ಕಿಲೋಓಮ್. ಯಾವಾಗ? ಫಾಸ್ಟ್ ಚಾರ್ಜಿಂಗ್‌ನಲ್ಲಿ, ಬ್ಯಾಟರಿ ತಣ್ಣಗಿಡೋ ದ್ರವದ (ಕೂಲೆಂಟ್) ಪಂಪ್ ಓಡ್ತಿದ್ದಾಗ. ಮಳೆ ಇಲ್ಲ, ಕಾರು ನೀರಿಗೆ ಇಳಿದಿದ್ದೂ ಇಲ್ಲ.

ಇಲ್ಲೇ ಸರ್ವಿಸ್ ಸೆಂಟರ್‌ನವರು ಆಟ ಆಡೋದು. ಇನ್ಸುಲೇಷನ್ ಫಾಲ್ಟ್ ಅನ್ನೋದು ಲಕ್ಷಣ. ಒಳಗೆ ಒದ್ದೆ ಆಗಿದೆ ಅನ್ನೋದು ಪ್ಯಾಕ್ ಹೇಗೆ ಕೆಟ್ಟಿತು ಅನ್ನೋದು. ಆ ಒದ್ದೆ ಎಲ್ಲಿಂದ ಬಂತು ಅನ್ನೋದು ಕಾರಣ. ಮೂರೂ ಬೇರೆ ಬೇರೆ. ಸೀಲ್ ದಾಟಿ ಹೊರಗಿಂದ ಬಂದಿರಬಹುದು, ಸೆಲ್‌ಗಳ ಕೆಳಗಿರೋ ಕೂಲಿಂಗ್ ಪ್ಲೇಟ್ ಸೋರಿರಬಹುದು, ಗಾಳಿಯ ತೇವ ಹನಿಗಟ್ಟಿರಬಹುದು. ಮೊದಲನೇದಾದ್ರೆ ನಿಮ್ಮ ತಪ್ಪು ಅಂತಾರೆ. ಎರಡನೇದು ವಾರಂಟಿ. ಅದಕ್ಕೇ ಯಾವಾಗಲೂ ಮೊದಲನೇದನ್ನೇ ಬರೆಯೋದು.

ಕೇಳಿ ಕೇಳಿ ಸಾಕಾದ ಮೇಲೆ ಒಂದು ಫೋಟೋ ಕಳಿಸಿದ್ರು. ಸೆಲ್‌ಗಳನ್ನು ಜೋಡಿಸೋ ತಾಮ್ರದ ಪಟ್ಟಿಯ (ಬಸ್‌ಬಾರ್) ಬೋಲ್ಟಿನ ಸುತ್ತ ಹಸಿರು ಕಿಲುಬು. “ನೋಡಿ ಸಾರ್, ನೀರು.” ಅಲ್ಲ ಸ್ವಾಮಿ, ವೋಲ್ಟೇಜ್ ಇರೋ ತಾಮ್ರಕ್ಕೆ ಮಳೆ ನೀರು ತಾಗಿದ್ರೂ ಕಿಲುಬು, ಕೂಲೆಂಟ್ ತಾಗಿದ್ರೂ ಕಿಲುಬು. ಅದರಿಂದ ಏನೂ ಗೊತ್ತಾಗಲ್ಲ. ಫೋಟೋ ದೊಡ್ಡದು ಮಾಡಿ ಕೆಳಗಿನ ಮೂಲೆ ನೋಡಿದೆ: ಗುಲಾಬಿ ಬಣ್ಣದ ಕಲೆ, ಬೆಲ್ಲದ ಪಾಕ ಚೆಲ್ಲಿ ಒಣಗಿದ ಹಾಗೆ ಅಂಟಂಟು, ಅಂಚಲ್ಲಿ ಧೂಳು ಮೆತ್ತಿಕೊಂಡಿದೆ. ಮಳೆ ನೀರು ಗುಲಾಬಿ ಇರುತ್ತಾ? ಕೆಸರಿನ ಗೆರೆ ಇಲ್ಲ, ಸೀಲ್ ಪಕ್ಕದ ಬೋಲ್ಟಿಗೆ ತುಕ್ಕಿಲ್ಲ. ಆ ದ್ರವದ ಒಂದು ಹನಿಯನ್ನು ರಿಫ್ರ್ಯಾಕ್ಟೋಮೀಟರ್ (ದ್ರವ ಎಷ್ಟು ಡಿಗ್ರಿಗೆ ಹೆಪ್ಪುಗಟ್ಟುತ್ತೆ ಅಂತ ತೋರಿಸೋ ಸಾಧನ) ಗಾಜಿನ ಮೇಲಿಟ್ಟರೆ ಒಂದು ನಿಮಿಷದ ಕೆಲಸ. ಬರೀ ನೀರಾದ್ರೆ ಗೆರೆ 0 ಡಿಗ್ರಿಯಲ್ಲಿ ನಿಲ್ಲುತ್ತೆ, ಅರ್ಧ ನೀರು ಅರ್ಧ ಗ್ಲೈಕಾಲ್ ಇರೋ ಕೂಲೆಂಟ್ ಆದ್ರೆ ಮೈನಸ್ 35ರ ಆಸುಪಾಸು. ಮಾಡಲಿಲ್ಲ.

ಇನ್ನೊಂದು. ಹಿಂದಿನ ಎರಡು ಸರ್ವಿಸ್‌ನಲ್ಲಿ ಅವರೇ ಕೂಲೆಂಟ್ ಟಾಪ್-ಅಪ್ ಮಾಡಿದ್ದಾರೆ, 400 ಎಂಎಲ್ ಒಂದ್ಸಲ, 600 ಇನ್ನೊಂದ್ಸಲ, ಬಿಲ್‌ನಲ್ಲಿದೆ. ಮುಚ್ಚಿದ ಲೂಪ್ ಅದು, ಕಾರಿನ ಕೆಳಗೆ ಒಂದು ಹನಿ ಬಿದ್ದಿಲ್ಲ. ಆ ಒಂದು ಲೀಟರ್ ಎಲ್ಲಿಗೆ ಹೋಯ್ತು ಅಂದ್ರೆ “ಆವಿ ಆಗುತ್ತೆ ಸಾರ್, ಎಲ್ಲಾ ಗಾಡಿಯಲ್ಲೂ ಆಗುತ್ತೆ.”

ಈಗ ನಿಜವಾಗಿ ಟೋಪಿ ಬಿದ್ದಿದೆ ಅಂತ ಗೊತ್ತಾಗಿದ್ದು. ರಿಪೋರ್ಟಿನ ಎರಡನೇ ಪುಟ. ‘ಹೌಸಿಂಗ್ ಲೀಕ್ ಟೆಸ್ಟ್: ಪಾಸ್’. ಪ್ಯಾಕ್ ಬಿಚ್ಚೋ ಮುಂಚೆ ಹೊರಗಿನ ಪೆಟ್ಟಿಗೆಗೆ ಗಾಳಿ ತುಂಬಿ ಒತ್ತಡ ಇಳಿಯುತ್ತಾ ಅಂತ ನೋಡೋ ಪರೀಕ್ಷೆ ಅದು. ಪಾಸ್ ಅಂದ್ರೆ ಹೊರಗಿಂದ ನೀರು ಬರೋ ದಾರಿ ಇಲ್ಲ. ಮೊದಲ ಪುಟದಲ್ಲಿ ಹೊರಗಿನ ನೀರು, ಎರಡನೇ ಪುಟದಲ್ಲಿ ದಾರಿ ಇಲ್ಲ! ಎರಡಕ್ಕೂ ಒಬ್ಬರದೇ ಸಹಿ. ಫೋನ್ ಮಾಡಿದೆ.

“ಟೆಸ್ಟ್ ಈಗ ಮಾಡಿದ್ದು ಸಾರ್. ನೀರು ಹೋಗಿದ್ದು ಅದಕ್ಕೂ ಮುಂಚೆ.”

ನೀರು ಒಳಗೆ ಹೋದ ಮೇಲೆ ತೂತು ತಾನಾಗೇ ಮುಚ್ಚಿಕೊಂಡಿತಾ?

“ಸಿಸ್ಟಮ್‌ನಲ್ಲಿ ಆಪ್ಷನ್ ಅಷ್ಟೇ ಇರೋದು ಸಾರ್.”

ಕೂಲಿಂಗ್ ಪ್ಲೇಟಿಗೆ ಬೇರೆಯಾಗಿ ಪ್ರೆಷರ್ ಟೆಸ್ಟ್ ಮಾಡಿದ್ರಾ?

“ಅದು ಬೇಕಾಗಿಲ್ಲ ಸಾರ್, ನೀವು ಆಗಲೇ ಸೈನ್ ಮಾಡಿದ್ದೀರಲ್ಲ.”

ಸೈನ್ ಮಾಡಿದ್ದೀರಲ್ಲ. ಈ ಮಾತನ್ನು ನಾಲ್ಕು ಸಲ ಕೇಳಿದ್ದೀನಿ. ಡ್ರೈನ್ ಮಾಡಿದ ಕೂಲೆಂಟ್ ಎಷ್ಟಿತ್ತು ಅಂದ್ರೆ “ಅಳೆದಿಲ್ಲ, ಡಿಸ್ಪೋಸ್ ಆಯ್ತು.”

ನಿಮಗೆ ಇದೇ ತೊಂದರೆ ಬರಬೇಕು ಅಂತಿಲ್ಲ, ಕಾರಣ ತಿರುಚೋಕೆ ಬೇರೆ ದಾರಿಗಳೂ ಇವೆ. ‘ಫಾಸ್ಟ್ ಚಾರ್ಜಿಂಗ್ ಜಾಸ್ತಿ ಮಾಡಿದ್ದೀರಿ’ ಅನ್ನೋದು ಬಹಳ ಚಾಲ್ತಿಯಲ್ಲಿದೆ. ಅದರಿಂದ ಸವೆದರೆ ಎಲ್ಲಾ ಸೆಲ್ ಗ್ರೂಪ್‌ಗಳೂ ಹೆಚ್ಚುಕಮ್ಮಿ ಒಟ್ಟಿಗೇ ಸವೆಯುತ್ತವೆ. 96 ಗ್ರೂಪ್‌ನಲ್ಲಿ 95 ಸರಿಯಿದ್ದು ಒಂದೇ ಒಂದು, ಕಾರು ನಿಂತಿರುವಾಗಲೂ 100 ಮಿಲಿವೋಲ್ಟ್ ಕೆಳಗಿದ್ದರೆ ಅನುಮಾನ ಹೋಗಬೇಕಾದ್ದು ಆ ಸೆಲ್ ಮೇಲೆ, ಇಲ್ಲಾ ಅದರ ವೋಲ್ಟೇಜ್ ಅಳೆಯೋ ಸೆನ್ಸ್ ವೈರ್ ಮೇಲೆ. ಷೆವರ್ಲೆ ಬೋಲ್ಟ್ ಕಾರುಗಳನ್ನು 2021ರಲ್ಲಿ ವಾಪಸ್ ಕರೆಸಿದ್ದು ಸೆಲ್ ಒಳಗಿನ ಹರಿದ ಆನೋಡ್ ಟ್ಯಾಬ್, ಮಡಚಿಕೊಂಡ ಸೆಪರೇಟರ್ ಅನ್ನೋ ತಯಾರಿಕಾ ದೋಷಕ್ಕೆ, ಓಡಿಸಿದವರ ತಪ್ಪಿಗಲ್ಲ. ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಬ್ಯಾಟರಿಯಲ್ಲಿ ರೇಂಜ್ ದಿಢೀರ್ ಕಮ್ಮಿ ತೋರಿಸಿದ್ರೆ ಮೊದಲು 100ಕ್ಕೆ ಚಾರ್ಜ್ ಮಾಡಿ ನೋಡಿ, ಶೇಕಡಾ ಲೆಕ್ಕವೇ ತಪ್ಪಿರಬಹುದು. ಗಾಡಿ ಆನ್ ಆಗದಿದ್ರೆ 12 ವೋಲ್ಟ್ ಬ್ಯಾಟರಿ ನೋಡಿ. ಅದು ಸತ್ತರೆ ದೊಡ್ಡ ಪ್ಯಾಕ್‌ನ ಕಾಂಟ್ಯಾಕ್ಟರ್, ಅಂದ್ರೆ ದೊಡ್ಡ ಸ್ವಿಚ್, ಕೂಡೋದೇ ಇಲ್ಲ. ಅದಕ್ಕೂ ‘ಬ್ಯಾಟರಿ ಫೇಲ್’ ಅಂತ ಬರೆದುಕೊಡೋರಿದ್ದಾರೆ.

ಮಾಡಬೇಕಾದ್ದು ಇಷ್ಟೇ. ಪ್ಯಾಕ್ ಬಿಚ್ಚೋ ಮುಂಚೆ ಫಾಲ್ಟ್ ಕೋಡ್, ಆ ಕ್ಷಣದ ರೀಡಿಂಗ್, ಎಲ್ಲಾ ಗ್ರೂಪ್‌ಗಳ ವೋಲ್ಟೇಜ್ ಪ್ರಿಂಟ್ ತಗೊಳ್ಳಿ. ಕೂಲೆಂಟ್ ಮಟ್ಟದ ಫೋಟೋ ತೆಗೀರಿ. ಪೆಟ್ಟಿಗೆಗೆ ಒಂದು, ಕೂಲಿಂಗ್ ಪ್ಲೇಟಿಗೆ ಒಂದು, ಎರಡು ಲೀಕ್ ಟೆಸ್ಟ್ ಕೇಳಿ, ಒಂದಕ್ಕೆ ಒಪ್ಪಬೇಡಿ. ಕಾರಣದ ಕಾಲಂ ಖಾಲಿ ಇದ್ದರೆ ಮಾತ್ರ ಸಹಿ. ತುಂಬಿದ್ದರೆ ‘ಬಿಚ್ಚಲು ಮಾತ್ರ ಒಪ್ಪಿಗೆ, ಕಾರಣ ಒಪ್ಪಿಲ್ಲ’ ಅಂತ ಕೈಯಲ್ಲೇ ಬರೆದು ಆಮೇಲೆ ಸಹಿ ಹಾಕಿ.

ಹಳೇ ಕೂಲಿಂಗ್ ಪ್ಲೇಟ್ ಇನ್ನೂ ಅವರ ಸ್ಟೋರ್‌ನಲ್ಲಿದೆಯಂತೆ. ಗುಜರಿಗೆ ಹಾಕಬೇಡಿ, ನನ್ನೆದುರೇ ಪ್ರೆಷರ್ ಟೆಸ್ಟ್ ಮಾಡಿ ಅಂತ ಲಿಖಿತವಾಗಿ ಕೊಟ್ಟು ಹನ್ನೊಂದು ದಿನ ಆಯ್ತು. ಬಂದ ಉತ್ತರ: “ನೋಟೆಡ್ ಸಾರ್.”