ಕರಿಜಿನಿಗೆ ಮಕ್ಕಳನ್ನು ಕರೆದುಕೊಂಡು ಹೋಗುವವರೇ, ಹೊರಗಿನ ಬಿಸಿಲನ್ನು ನಂಬಬೇಡಿ

ಜುಲೈ ರಜೆಗೆ ಕರಿಜಿನಿಗೆ ಹೋಗೋಣವೇ ಅಂತ ಪರ್ತ್‌ನ ನಮ್ಮ ಬಳಗದಲ್ಲಿ ಈಗಾಗಲೇ ಮಾತು ಶುರುವಾಗಿದೆ. ಅದಕ್ಕೇ ಇದನ್ನು ಈಗ ಬರೆಯುತ್ತಿದ್ದೇನೆ. ಹೋದ ವರ್ಷ ಇದೇ ರಜೆಯಲ್ಲಿ ಅಲ್ಲಿನ ಹ್ಯಾನ್‌ಕಾಕ್ ಗಾರ್ಜ್ ಅನ್ನುವ ಕಡಿದಾದ ಕಮರಿಯೊಳಗೆ ನಮ್ಮ ಏಳು ವರ್ಷದ ಮಗಳ ಮೈ ತಣ್ಣಗಾಗಿ, ಮಾತು ತೊದಲಿ, ನನ್ನ ತೋಳಿನಲ್ಲೇ ಕಣ್ಣು ಮುಚ್ಚತೊಡಗಿದ್ದಳು. ಆ ಹೊತ್ತಿಗೆ ಮೇಲೆ ಕಾರ್ ನಿಲ್ಲಿಸಿದ್ದ ಜಾಗದಲ್ಲಿ 26 ಡಿಗ್ರಿ ಬಿಸಿಲು.

ಹೋಗದವರಿಗಾಗಿ ಸ್ವಲ್ಪ ಹೇಳುತ್ತೇನೆ. ಕರಿಜಿನಿ ರಾಷ್ಟ್ರೀಯ ಉದ್ಯಾನ ಇರುವುದು ಪರ್ತ್‌ನಿಂದ ಸುಮಾರು 1,400 ಕಿಲೋಮೀಟರ್ ದೂರದಲ್ಲಿ, ಪಶ್ಚಿಮ ಆಸ್ಟ್ರೇಲಿಯಾದ ಪಿಲ್ಬರಾ ಪ್ರದೇಶದಲ್ಲಿ. ಜುಲೈ ಅಂದರೆ ಇಲ್ಲಿ ಚಳಿಗಾಲ. ಬಂಜಿಮಾ, ಕುರ್ರಮಾ, ಇನ್ನಾವೊಂಗಾ ಜನರ ನೆಲ ಅದು. ಮೇಲೆ ನಿಂತರೆ ಕೆಂಪು ಮಣ್ಣು, ಮುಳ್ಳಿನಂಥ ಸ್ಪಿನಿಫೆಕ್ಸ್ ಹುಲ್ಲು, ಸುಡುವ ಆಕಾಶ ಅಷ್ಟೇ. ಅಂಚಿಗೆ ಹೋದಾಗ ಮಾತ್ರ ನೆಲ ಸೀಳಿಕೊಂಡು ಕೆಲವು ಕಡೆ 100 ಮೀಟರ್‌ವರೆಗೂ ಇಳಿದಿರುವುದು ಕಾಣುತ್ತದೆ. ಗೋಡೆಯೆಲ್ಲ ಸುಮಾರು 250 ಕೋಟಿ ವರ್ಷ ಹಳೆಯ ಕಬ್ಬಿಣದ ಕಲ್ಲು, ಒಂದರ ಮೇಲೊಂದು ಪದರ. ಅಷ್ಟು ಚೆಂದದ ಜಾಗವನ್ನು ನಾನು ಬೇರೆಲ್ಲೂ ನೋಡಿಲ್ಲ, ಈಗಲೂ ಹಾಗೇ ಹೇಳುತ್ತೇನೆ. ಆದರೆ ಆ ಸೀಳು ಇಕ್ಕಟ್ಟಾದಷ್ಟೂ ಒಳಗೆ ಬಿಸಿಲು ಬೀಳುವುದಿಲ್ಲ. ಬಿಸಿಲೇ ತಾಗದ ನೀರು ಚಳಿಗಾಲದಲ್ಲಿ ಹೇಗಿರುತ್ತದೆ ಅನ್ನುವುದು ನಮ್ಮ ತಲೆಗೇ ಹೊಳೆಯಲಿಲ್ಲ.

ಹೊಳೆಯದಿರಲು ಕಾರಣವೂ ಇತ್ತು. ಹಿಂದಿನ ದಿನ ಡೇಲ್ಸ್ ಗಾರ್ಜ್‌ನ ಫರ್ನ್ ಪೂಲ್‌ಗೆ ಹೋಗಿದ್ದೆವು. ಅಲ್ಲಿನ ಮೂಲ ಜನ ಅದನ್ನು ಜುಬುರ ಅನ್ನುತ್ತಾರೆ. ಅವರಿಗೆ ಅದು ಪವಿತ್ರ ಸ್ಥಳ, ಗದ್ದಲ ಮಾಡದೆ ಮೆಲ್ಲಗೆ ನೀರಿಗಿಳಿಯಿರಿ ಅನ್ನುವ ಕೋರಿಕೆ ಇದೆ. ಮಕ್ಕಳಿಬ್ಬರೂ ಅರ್ಧ ಗಂಟೆ ಈಜಿ, ಹಲಗೆಯ ಮೇಲೆ ಬಿಸಿಲು ಕಾಯಿಸಿಕೊಂಡು, ಚಪಾತಿ ರೋಲ್ ತಿಂದು ಖುಷಿಯಾಗಿದ್ದರು. ನಾನು ತೀರ್ಥಹಳ್ಳಿಯವಳು, ತುಂಗೆಯಲ್ಲಿ ಈಜಿ ಬೆಳೆದವಳು. ನನಗೆ ನೀರಿನಲ್ಲಿ ಭಯ ಅಂದರೆ ಸುಳಿಯದ್ದು, ಆಳದ್ದು, ಪಾಚಿಗಲ್ಲಿನದ್ದು. ನೀರಿನ ಚಳಿಯೂ ಜೀವಕ್ಕೆ ಕುತ್ತು ತರಬಹುದು ಅಂತ ಊರಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ. ಹೇಳಿಕೊಡುವ ಅಗತ್ಯವೂ ಇರಲಿಲ್ಲ.

ಹ್ಯಾನ್‌ಕಾಕ್ ಗಾರ್ಜ್ ದಾರಿ ಐದನೇ ದರ್ಜೆಯದು. ಅಲ್ಲಿ ಸಾರ್ವಜನಿಕರು ತಾವಾಗಿಯೇ ನಡೆಯಬಹುದಾದ ದಾರಿಗಳಲ್ಲಿ ಅತಿ ಕಷ್ಟದ್ದು ಅಂತ ಅರ್ಥ. ಆ ಬೋರ್ಡನ್ನು ನಾವು ಓದಿದೆವು. ಓದಿಯೂ ಇಳಿದೆವು, ಏಕೆಂದರೆ ಮಕ್ಕಳು ನಗುನಗುತ್ತಾ ಅದೇ ದಾರಿಯಲ್ಲಿ ಹೋಗುವ ವೀಡಿಯೋ ಒಂದನ್ನು ಮನೆಯಲ್ಲಿ ಹತ್ತು ಸಲ ನೋಡಿದ್ದೆವು. ದೂರವೂ ಹೆಚ್ಚಿಲ್ಲ. ಆ ವೀಡಿಯೋದಲ್ಲಿ ಮಕ್ಕಳೆಲ್ಲ ವೆಟ್‌ಸೂಟ್, ಅಂದರೆ ನೀರಿನಲ್ಲೂ ಮೈ ಬೆಚ್ಚಗಿಡುವ ಉಡುಪು, ಹಾಕಿಕೊಂಡಿದ್ದರು ಅನ್ನುವುದನ್ನು ನಾನು ಗಮನಿಸಿದ್ದು ವಾಪಸ್ ಬಂದಮೇಲೆ.

ಬೆಳಿಗ್ಗೆ ಒಂಬತ್ತಕ್ಕೇ ಇಳಿದೆವು. ಜನ ಕಡಿಮೆ ಇರುತ್ತಾರೆ ಅಂತ. ಅದೇ ಮೊದಲ ತಪ್ಪು, ಆ ಹೊತ್ತಿಗೆ ಒಳಗೆಲ್ಲ ನೆರಳು. ಮೆಟ್ಟಿಲು, ಕಬ್ಬಿಣದ ಏಣಿ, ಆಮೇಲೆ ಗೋಡೆಯಿಂದ ಗೋಡೆಗೆ ತುಂಬಿದ ನೀರು. ಗೋಡೆಗೆ ಅಂಟಿಕೊಂಡು ಸಣ್ಣ ಅಂಚಿನ ಮೇಲೆ ಸರಿದು ದಾಟಬಹುದು, ಇಲ್ಲವೇ ಈಜಬೇಕು. ಮಗಳ ಕಾಲಿಗೆ ಆ ಅಂಚು ಸಿಗುತ್ತಿರಲಿಲ್ಲ. ಇವರು ಅವಳನ್ನು ಬೆನ್ನಿಗೆ ಹಿಡಿಸಿಕೊಂಡು ಈಜಿದರು. ಕಾಟನ್ ಟೀ ಶರ್ಟು, ಕಾಟನ್ ಲೆಗ್ಗಿಂಗ್ಸು ಪೂರ್ತಿ ತೊಯ್ದವು.

ಅಲ್ಲಿಂದ ಮುಂದೆ ಸ್ಪೈಡರ್ ವಾಕ್. ಎರಡೂ ಗೋಡೆಗೆ ಕೈಕಾಲು ಚಾಚಿ ಒತ್ತಿ, ಕೆಳಗೆ ಹರಿಯುವ ನೀರಿನ ಮೇಲೆ ಜೇಡದ ಹಾಗೆ ಸಾಗಬೇಕಾದ ಇಕ್ಕಟ್ಟು. ಅದನ್ನು ದಾಟಿದರೆ ಕೆರ್ಮಿಟ್ಸ್ ಪೂಲ್ ಅನ್ನುವ ಹಸಿರು ಮಡು. ಒಬ್ಬೊಬ್ಬರೇ ಹೋಗಬೇಕು, ನಮ್ಮ ಮುಂದೆ ದೊಡ್ಡ ಗುಂಪೊಂದಿತ್ತು. ಒದ್ದೆ ಬಟ್ಟೆಯಲ್ಲಿ, ನೆರಳಿನಲ್ಲಿ, ಕೊರೆಯುವ ಗಾಳಿಯಲ್ಲಿ ಇಪ್ಪತ್ತೈದು ನಿಮಿಷ ನಿಂತೆವು. ಮಗಳನ್ನು ಕೆಡಿಸಿದ್ದು ಈಜು ಅಲ್ಲ, ಈ ಕಾಯುವಿಕೆ.

ಮೊದಲು ಹಲ್ಲು ಕಟಕಟ ಅಂದವು. "ಅಮ್ಮಾ, ಚಳಿ" ಅಂದಳು. ತಬ್ಬಿಕೊಂಡೆ, ಆದರೆ ನನ್ನ ಚೂಡಿದಾರವೂ ಒದ್ದೆ. ಕೈ ಉಜ್ಜಿದೆ. ಸ್ವಲ್ಪ ಹೊತ್ತಿಗೆ ನಡುಕ ನಿಂತಿತು. ಸದ್ಯ, ಸರಿಹೋದಳು ಅಂತ ಸಮಾಧಾನ ಪಟ್ಟುಕೊಂಡೆ. ಅದನ್ನು ನೆನೆದರೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. "ನಿದ್ದೆ ಬರ್ತಿದೆ" ಅಂದಳು, ಆ ಮಾತು ನಾಲಗೆಗೆ ಅಂಟಿಕೊಂಡ ಹಾಗೆ ಹೊರಬಂತು. ಅಣ್ಣ ಚಾಕೊಲೇಟ್ ಕೊಟ್ಟರೆ ಅದರ ಕಾಗದ ಬಿಚ್ಚಲಾಗದೆ ಸುಮ್ಮನೆ ನೋಡುತ್ತಾ ನಿಂತಳು.

ನಮ್ಮ ಹಿಂದಿದ್ದ ಹೆಂಗಸೊಬ್ಬರು ಇದನ್ನು ನೋಡುತ್ತಿದ್ದರು. ಹತ್ತಿರ ಬಂದು ಮಗಳ ಎದುರು ಕುಳಿತು, ತಮ್ಮ ಹೆಬ್ಬೆರಳನ್ನು ಕಿರುಬೆರಳಿಗೆ ಮುಟ್ಟಿಸಿ, ಹೀಗೆ ಮಾಡು ಪುಟ್ಟಾ ಅಂದರು. ಅವಳ ಹೆಬ್ಬೆರಳು ಅರ್ಧ ದಾರಿಗೆ ಹೋಗಿ ನಿಂತಿತು. ಇನ್ನೊಮ್ಮೆ ಯತ್ನಿಸಿದಳು, ಆಗಲಿಲ್ಲ. ಆಕೆ ಎದ್ದು ನಮ್ಮತ್ತ ತಿರುಗಿ, ಇವಳನ್ನು ಈಗಲೇ ಮೇಲಕ್ಕೆ ಒಯ್ಯಬೇಕು ಅಂದರು. ಮೈಯ ಬಿಸಿ ತೀರಾ ಇಳಿಯುವ ಸ್ಥಿತಿ ಅದು, ವೈದ್ಯರು ಹೈಪೋಥರ್ಮಿಯಾ ಅನ್ನುವುದು. ನಡುಗುವುದು ಅಂದರೆ ದೇಹ ಬಿಸಿಗಾಗಿ ಹೋರಾಡುವುದು. ಮೈ ಬೆಚ್ಚಗಾಗದೆ ನಡುಕ ನಿಂತರೆ ಹೋರಾಡುವ ಶಕ್ತಿ ಮುಗಿಯುತ್ತಿದೆ ಅಂತ ಅರ್ಥ.

ಆಕೆಯೇ ಒದ್ದೆ ಬಟ್ಟೆ ಬಿಚ್ಚಿಸಿ, ತಮ್ಮ ಡ್ರೈ ಬ್ಯಾಗ್‌ನಲ್ಲಿದ್ದ (ನೀರು ಒಳಗೆ ಹೋಗದ ಚೀಲ) ಉಣ್ಣೆಯ ಅಂಗಿ ತೊಡಿಸಿ, ತಲೆಗೆ ಟೋಪಿ ಹಾಕಿ, ಬೆಳ್ಳಿ ಬಣ್ಣದ ತೆಳು ಹೊದಿಕೆ ಸುತ್ತಿದರು. ನಾನು ಕೈಕಾಲು ತಿಕ್ಕುತ್ತಿದ್ದುದನ್ನು ತಡೆದರು. ಹಾಗೆ ತಿಕ್ಕಬಾರದಂತೆ, ಮೊದಲು ಎದೆ, ಹೊಟ್ಟೆ ಬೆಚ್ಚಗಾಗಬೇಕು. ಅವರ ಗುಂಪಿನ ಐದು ಜನ ಆ ನೀರಿನ ಭಾಗದಲ್ಲಿ ಸಾಲಾಗಿ ನಿಂತು ಮಗಳು ಒದ್ದೆಯಾಗದಂತೆ ಕೈಯಿಂದ ಕೈಗೆ ದಾಟಿಸಿದರು. ಏಣಿ ಹಿಡಿಯಲು ಅವಳ ಬೆರಳು ಮಡಚುತ್ತಿರಲಿಲ್ಲ. ಒಬ್ಬರು ಮೇಲಿಂದ, ಇವರು ಕೆಳಗಿಂದ ಹಿಡಿದು ಹತ್ತಿಸಿದರು. ಬಿಸಿಲಿಗೆ ಬಂದು ಬೆಚ್ಚಗಿನ ಮೈಲೋ ಗುಟುಕು ಗುಟುಕಾಗಿ ಕುಡಿಸಿದ ಮೇಲೆ ಮತ್ತೆ ನಡುಗಲು ಶುರುಮಾಡಿದಳು. ಆ ನಡುಕ ಕಂಡು ಆಕೆಯ ಮುಖ ಅರಳಿತು. ಟಾಮ್ ಪ್ರೈಸ್ ಆಸ್ಪತ್ರೆಗೆ ಒಂದು ಗಂಟೆಗೂ ಹೆಚ್ಚಿನ ದಾರಿ. ಅಲ್ಲಿ ಪರೀಕ್ಷೆ ಮಾಡಿ, ಸಂಜೆವರೆಗೆ ಇರಿಸಿಕೊಂಡು ಕಳಿಸಿದರು.

ಗಾರ್ಜ್‌ನೊಳಗೆ ಫೋನ್ ಹಿಡಿಯುವುದಿಲ್ಲ. ಯಾರಿಗಾದರೂ ಕಾಲು ಮುರಿದರೆ, ಹಗ್ಗ, ಸ್ಟ್ರೆಚರ್ ಹೊತ್ತು ಸ್ವಯಂಸೇವಕರು ಬಂದು ಹೊರತರುವ ತನಕ ಆ ಚಳಿಯಲ್ಲೇ ಗಂಟೆಗಟ್ಟಲೆ ಮಲಗಿರಬೇಕಾಗುತ್ತದೆ. ಇದೇ ಹ್ಯಾನ್‌ಕಾಕ್‌ನಲ್ಲಿ 2004ರಲ್ಲಿ ಪ್ರವಾಸಿಯೊಬ್ಬರನ್ನು ರಕ್ಷಿಸಲು ಇಳಿದಿದ್ದ ಸ್ವಯಂಸೇವಕರೊಬ್ಬರು ದಿಢೀರ್ ಪ್ರವಾಹಕ್ಕೆ ಸಿಕ್ಕಿ ತೀರಿಕೊಂಡರು. ಅಲ್ಲಿನ ರೀಗನ್ಸ್ ಪೂಲ್‌ಗೆ ಅವರದೇ ಹೆಸರು. ನಮ್ಮ ಅಜಾಗರೂಕತೆಗೆ ಬೇರೆಯವರ ಜೀವ ಒತ್ತೆಯಿಡುತ್ತೇವೆ ಅನ್ನುವುದು ನನಗೆ ಆ ರಾತ್ರಿಯೆಲ್ಲ ಕೊರೆಯಿತು.

ಹಾಗಾದರೆ ಹೋಗಬಾರದೇ? ಹೋಗಿ. ಆದರೆ ಸಣ್ಣ ಮಕ್ಕಳಿದ್ದರೆ ಫರ್ನ್ ಪೂಲ್, ಕಲಮಿನ ಗಾರ್ಜ್ ಸಾಕು. ಹ್ಯಾನ್‌ಕಾಕ್‌ಗೆ ಹೋಲಿಸಿದರೆ ಅವು ಸುಲಭ. ಹ್ಯಾನ್‌ಕಾಕ್‌ಗೆ ಇಳಿಯಲೇಬೇಕು ಅನ್ನುವವರು ನೀರು ಹೇಗಿದೆ, ಮಳೆಯ ಮುನ್ಸೂಚನೆ ಏನು ಅಂತ ವಿಸಿಟರ್ ಸೆಂಟರ್‌ನಲ್ಲಿ ಅವತ್ತೇ ಕೇಳಿ. ಎಲ್ಲೋ ದೂರದಲ್ಲಿ ಸುರಿದ ಮಳೆಯೂ ಗಾರ್ಜ್‌ನೊಳಗೆ ನುಗ್ಗಿ ಬರುತ್ತದೆ. ಹೊತ್ತು ಏರಿದ ಮೇಲೆ ಇಳಿಯಿರಿ. ಕಾಟನ್ ಬೇಡವೇ ಬೇಡ, ಒದ್ದೆಯಾದರೆ ಅದು ಮೈಯ ಬಿಸಿಯನ್ನು ಹೀರುತ್ತದೆ. ಡ್ರೈ ಬ್ಯಾಗ್‌ನಲ್ಲಿ ಒಣ ಉಣ್ಣೆ ಬಟ್ಟೆ, ಟೋಪಿ, ಫ್ಲಾಸ್ಕ್‌ನಲ್ಲಿ ಬಿಸಿ ಸಿಹಿ ಪಾನೀಯ ಇರಲಿ. ಮುಂದೆ ಸಾಲು ಕಂಡರೆ ಅಲ್ಲಿಂದಲೇ ವಾಪಸ್ ಬನ್ನಿ, ಎಷ್ಟು ದೂರದಿಂದ ಬಂದಿದ್ದೇವೆ ಅನ್ನುವ ಲೆಕ್ಕ ಹಾಕಬೇಡಿ. ಮಗು ಮತ್ತೆ ಮತ್ತೆ ಎಡವಿದರೆ, ಮಾತು ತೊದಲಿದರೆ, ಕಾರಣವಿಲ್ಲದೆ ಮಂಕಾದರೆ ಬೆರಳು ಮುಟ್ಟಿಸಿ ನೋಡಿ.

ಮಕ್ಕಳ ವೆಟ್‌ಸೂಟ್ ಎರಡು ನಮ್ಮ ಮನೆಯಲ್ಲಿವೆ, ಎಂಟು ವರ್ಷದವರಿಗೆ ಒಂದು, ಹನ್ನೆರಡರವರಿಗೆ ಒಂದು. ಈ ಜುಲೈಗೆ ಹೊರಟವರು ಯಾವ ಸಂಕೋಚವೂ ಇಲ್ಲದೆ ಕೇಳಿ ತೆಗೆದುಕೊಂಡು ಹೋಗಿ. ಉಣ್ಣೆ ಟೋಪಿಗಳನ್ನೂ ಜೊತೆಗೆ ಇಟ್ಟಿರುತ್ತೇನೆ.